ಶ್ಪಾನ್ಯಿ, ಮಿಕ್ಲೋಶ್

1962–. ಹಂಗೇರಿ ಮೂಲದ ಹಾರ್ಪ್ಸಿಕಾರ್ಡ್ ವಾದಕ, ಸಂಗೀತ ಸಂಪಾದಕ, ಅಧ್ಯಾಪಕ. ಹುಟ್ಟಿದ್ದು ಬುಡಾಪೆಸ್ಟ್‌ನಲ್ಲಿ. ಉನ್ನತ ಕಲಿಕೆ ಬೆಲ್ಜಿಯಂ ಮತ್ತು ಜರ್ಮನಿಯಲ್ಲಿ ಮುಂದುವರಿಯಿತು, ಹೆಸರು ಬಂದದ್ದು ಫ್ರಾನ್ಸಿನ ಸ್ಪರ್ಧೆಗಳಿಂದ, ದೀರ್ಘಕಾಲ ಪಾಠ ಹೇಳಿದ್ದು ಫಿನ್ಲೆಂಡ್‌ನಲ್ಲಿ, ಮುಖ್ಯ ಧ್ವನಿಮುದ್ರಿಕೆಗಳು ಹೊರಬಂದದ್ದು ಸ್ವೀಡನ್ನಿನ ಬಿಸ್ ಕಂಪನಿಯಿಂದ. ಕಾರ್ಲ್ ಫಿಲಿಪ್ ಎಮಾನುಯೆಲ್ ಬಾಖ್‌ನ ಕೀಲಿಮಣೆ ಸಂಗೀತವನ್ನು ಆತನ ಕಾಲದ ವಾದ್ಯಗಳ ಮೇಲೆ ಆದ್ಯಂತ ನುಡಿಸಿ ದಾಖಲಿಸುವ ಕೆಲಸಕ್ಕೆ ತಮ್ಮ ಜೀವನದ ಬಹುಭಾಗ ಕೊಟ್ಟವರು. ಇವರನ್ನು ಹಾರ್ಪ್ಸಿಕಾರ್ಡ್ ವಾದಕರೆಂದು ಕರೆಯುವುದು ರೂಢಿ. ಆದರೆ ಇವರ ಅತ್ಯುತ್ತಮ ಕೆಲಸದಲ್ಲಿ ದೊಡ್ಡ ಪಾಲು ಹಾರ್ಪ್ಸಿಕಾರ್ಡ್ ಮೇಲೆ ನಡೆದದ್ದಲ್ಲ. ಒಂದು ವಾದ್ಯದಿಂದ ಹೊರಟು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸರಿದ ಬಗೆಯೇ ಇವರ ವೃತ್ತಿಜೀವನದ ತಿರುಳು.

ಹಿನ್ನೆಲೆ

ಹೊರದೇಶಗಳಲ್ಲಿ ಬೆಳಗಿದ ಹಂಗೇರಿ ಸಂಗೀತಗಾರರ ಪಟ್ಟಿ ಉದ್ದವಾದದ್ದು. ಫ್ರಿಟ್ಸ್ ರೈನರ್, ಜಾರ್ಜ್ ಸೆಲ್, ಯೂಜೀನ್ ಆರ್ಮಂಡಿ, ಗಿಯೋರ್ಗ್ ಶೋಲ್ಟಿ ಮೊದಲಾದ ನಿರ್ದೇಶಕರು ಅಮೆರಿಕದ ದೊಡ್ಡ ವಾದ್ಯವೃಂದಗಳನ್ನು ಕಟ್ಟಿ ಬೆಳೆಸಿದರು. ಸಂಯೋಜಕ ಬಾರ್ಟೋಕ್ 1940ರಲ್ಲಿ ದೇಶ ಬಿಟ್ಟ. 1956ರ ದಂಗೆಯನ್ನು ಸೋವಿಯತ್ ಸೇನೆ ಹತ್ತಿಕ್ಕಿದ ಮೇಲೆ ಸುಮಾರು ಎರಡು ಲಕ್ಷ ಜನ ಗಡಿ ದಾಟಿದರು. ಪಿಯಾನೊ ವಾದಕರಾದ ಗಿಯೋರ್ಗಿ ಸಿಫ್ರಾ ಮತ್ತು ತಮಾಶ್ ವಾಶಾರಿ, ಸಂಯೋಜಕ ಗಿಯೋರ್ಗಿ ಲಿಗೆಟಿ ಅವರಲ್ಲಿದ್ದರು. ಇವರಲ್ಲಿ ಹಲವರ ಪಾಲಿಗೆ ಹೊರನಾಡೆಂದರೆ ಮರಳಿ ಬರುವ ದಾರಿ ಬಹುಕಾಲ ಮುಚ್ಚಿಹೋದ ಊರು.

ಶ್ಪಾನ್ಯಿಯವರ ಪೀಳಿಗೆಯ ಕಥೆ ಬೇರೆ. ಅವರು ದೇಶ ಬಿಟ್ಟು ಓಡಿದವರಲ್ಲ. ಕಲಿಯಲು ಹೋದರು, ಸ್ಪರ್ಧೆಗೆ ಹೋದರು, ಕೆಲಸಕ್ಕೆ ಹೋದರು. ಶ್ಪಾನ್ಯಿ ತಮ್ಮ ವಾದ್ಯವೃಂದವನ್ನು ಮಾತ್ರ ಬುಡಾಪೆಸ್ಟ್‌ನಲ್ಲೇ ಉಳಿಸಿಕೊಂಡರು. ಇವರ ಕಲಿಕೆಯ ವರ್ಷಗಳು ಕಮ್ಯುನಿಸ್ಟ್ ಆಡಳಿತದ ಕೊನೆಯ ದಶಕದಲ್ಲಿ ಬಿದ್ದವು. ಪೂರ್ವ ಯುರೋಪಿನ ಇತರ ದೇಶಗಳಿಗೆ ಹೋಲಿಸಿದರೆ ಆಗಿನ ಹಂಗೇರಿ ತನ್ನ ಕಲಾವಿದರನ್ನು ಪಶ್ಚಿಮಕ್ಕೆ ಕಳಿಸುವಲ್ಲಿ ತಕ್ಕಮಟ್ಟಿಗೆ ಉದಾರವಾಗಿತ್ತು. ಅದಿಲ್ಲದೆ ಮುಂದಿನದ್ಯಾವುದೂ ನಡೆಯುತ್ತಿರಲಿಲ್ಲ.

ಹಾರ್ಪ್ಸಿಕಾರ್ಡ್ ಹಂಗೇರಿಯಲ್ಲಿ ತಡವಾಗಿ ಬೇರುಬಿಟ್ಟ ವಾದ್ಯ. ಫ್ರಾನ್ಸ್ ಮತ್ತು ಜರ್ಮನಿಯಲ್ಲಿ ವಾಂಡಾ ಲಾಂಡೊವ್ಸ್ಕಾ 20ನೆಯ ಶತಮಾನದ ಆರಂಭದಲ್ಲೇ ಅದಕ್ಕೆ ಮರುಜೀವ ಕೊಟ್ಟಿದ್ದಳು. ಬುಡಾಪೆಸ್ಟ್‌ನ ಲಿಸ್ಟ್ ಸಂಗೀತ ಅಕಾಡೆಮಿ 1875ರಲ್ಲೇ ಶುರುವಾದರೂ ಅಲ್ಲಿ ಹಾರ್ಪ್ಸಿಕಾರ್ಡ್‌ಗೆ ಪ್ರತ್ಯೇಕ ವಿಭಾಗ ಬಂದದ್ದು 1970ರಲ್ಲಿ. ಅದನ್ನು ತೆರೆದವರು ಯಾನೋಶ್ ಶೆಬೆಶ್ಟ್ಯೇನ್ (1931–2012). ಆರ್ಗನ್ ವಾದಕ, ಹಾರ್ಪ್ಸಿಕಾರ್ಡ್ ವಾದಕ, ಮೇಲಾಗಿ ಹಂಗೇರಿ ರೇಡಿಯೋದ ಮನುಷ್ಯ. ಕಛೇರಿಗಳಿಗಾಗಿ ಹೊರದೇಶಗಳನ್ನು ಸುತ್ತಿದರೂ ನೆಲೆಸಿದ್ದು ಬುಡಾಪೆಸ್ಟ್‌ನಲ್ಲೇ. ಇವರ ಕೈಯಲ್ಲಿ ಪಳಗಿದವರಲ್ಲಿ ಶ್ಪಾನ್ಯಿ ಒಬ್ಬರು.

ಕಲಿಕೆ

ಶ್ಪಾನ್ಯಿ ಲಿಸ್ಟ್ ಅಕಾಡೆಮಿಯಲ್ಲಿ ಫೆರೆಂಟ್ಸ್ ಗೆರ್ಗೆಯ್ ಅವರ ಬಳಿ ಆರ್ಗನ್, ಶೆಬೆಶ್ಟ್ಯೇನ್ ಅವರ ಬಳಿ ಹಾರ್ಪ್ಸಿಕಾರ್ಡ್ ಕಲಿತರು. ಮುಂದೆ ಆಂಟ್‌ವರ್ಪ್‌ನ ಫ್ಲೆಮಿಶ್ ಕನ್ಸರ್ವೇಟರಿಯಲ್ಲಿ ಯೋಸ್ ಫಾನ್ ಇಮರ್ಸೇಲ್ ಅವರಲ್ಲಿ, ಮ್ಯೂನಿಕ್‌ನ ಸಂಗೀತ ವಿದ್ಯಾಲಯದಲ್ಲಿ ಹೆಡ್ವಿಗ್ ಬಿಲ್ಗ್ರಾಮ್ ಅವರಲ್ಲಿ ವಿದ್ಯಾಭ್ಯಾಸ ಮಾಡಿದರು.

ಈ ಇಬ್ಬರು ಗುರುಗಳು ಹೆಚ್ಚು ಕಡಿಮೆ ಎರಡು ದಿಕ್ಕಿನವರು. ಬಿಲ್ಗ್ರಾಮ್ ಬಂದದ್ದು ನಿರ್ದೇಶಕ ಕಾರ್ಲ್ ರಿಕ್ಟರ್‌ನ ಮ್ಯೂನಿಕ್ ಬಾಖ್ ಬಳಗದಿಂದ. ಹಲವು ಹಾರ್ಪ್ಸಿಕಾರ್ಡ್‌ಗಳಿಗೆ ಯೋಹಾನ್ ಸೆಬಾಸ್ಟಿಯನ್ ಬಾಖ್ ಬರೆದ ಕಾನ್ಚೆರ್ಟೊಗಳನ್ನು ರಿಕ್ಟರ್ ಮುದ್ರಿಸಿದಾಗ ಪಕ್ಕದ ವಾದ್ಯದಲ್ಲಿ ಕುಳಿತವರಲ್ಲಿ ಆಕೆಯೂ ಇದ್ದರು. ಆ ಬಳಗ ಬಳಸುತ್ತಿದ್ದದ್ದು 20ನೆಯ ಶತಮಾನದ ಕಾರ್ಖಾನೆಗಳ ಹಾರ್ಪ್ಸಿಕಾರ್ಡ್: ಪಿಯಾನೊದಂತೆ ದಪ್ಪ ಚೌಕಟ್ಟು, ಬಿಗಿಯಾದ ತಂತಿ, ನಾದದ ಬಣ್ಣ ಬದಲಿಸಲು ಕಾಲಡಿಗೆ ಪೆಡಲು. ಇಮರ್ಸೇಲ್ ಇದಕ್ಕೆ ಬೆನ್ನು ತಿರುಗಿಸಿದ ಪೀಳಿಗೆಯವರು. 1973ರಲ್ಲಿ ಪ್ಯಾರಿಸ್‌ನ ಹಾರ್ಪ್ಸಿಕಾರ್ಡ್ ಸ್ಪರ್ಧೆ ಗೆದ್ದವರು, 1987ರಲ್ಲಿ ಅನಿಮಾ ಎಟೆರ್ನಾ ವಾದ್ಯವೃಂದ ಕಟ್ಟಿದವರು. ಒಂದು ಕೃತಿ ಯಾವ ವರ್ಷದ್ದು, ಯಾವ ಊರಿನದ್ದು ಎಂದು ನೋಡಿ ಅದಕ್ಕೆ ತಕ್ಕ ವಾದ್ಯ ಹುಡುಕುವುದು ಅವರ ಪದ್ಧತಿ. ಶ್ಪಾನ್ಯಿಯವರ ಮುಂದಿನ ದಾರಿ ನೋಡಿದರೆ ಇವರ ಮೇಲೆ ಹೆಚ್ಚು ಗಾಢವಾಗಿ ಬಿದ್ದದ್ದು ಆಂಟ್‌ವರ್ಪ್‌ನ ಪ್ರಭಾವ ಎಂದು ಹೇಳಬಹುದು.

1984ರಲ್ಲಿ ಫ್ರಾನ್ಸಿನ ನಾಂಟ್‌ನಲ್ಲಿ, 1987ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಅಂತಾರಾಷ್ಟ್ರೀಯ ಹಾರ್ಪ್ಸಿಕಾರ್ಡ್ ಸ್ಪರ್ಧೆಗಳಲ್ಲಿ ಇವರಿಗೆ ಮೊದಲ ಬಹುಮಾನ ಬಂತು. ಗುರು ಗೆದ್ದ ಊರಿನಲ್ಲೇ ಹದಿನಾಲ್ಕು ವರ್ಷದ ಮೇಲೆ ಶಿಷ್ಯನೂ ಗೆದ್ದಂತಾಯಿತು. ಇಂಥ ಬಹುಮಾನದಿಂದ ಪಿಯಾನೊ ವಾದಕನಿಗೆ ಸಿಗುವ ಕೀರ್ತಿ ಹಾರ್ಪ್ಸಿಕಾರ್ಡ್ ವಾದಕನಿಗೆ ಸಿಗುವುದಿಲ್ಲ. ಸಿಗುವುದು ಕಛೇರಿಗೆ ಕರೆ, ಒಳ್ಳೆಯ ವಾದ್ಯ ಇರುವ ಮನೆ ಮತ್ತು ವಸ್ತುಸಂಗ್ರಹಾಲಯಗಳ ಪರಿಚಯ, ಪಾಠದ ಕೆಲಸ. ಶ್ಪಾನ್ಯಿ ಮಟ್ಟಿಗೆ ಇವಿಷ್ಟೇ ಸಾಕಾದವು.

ಕಾನ್ಚೆರ್ಟೊ ಆರ್ಮೋನಿಕೊ

1983ರಲ್ಲಿ ಲಿಸ್ಟ್ ಅಕಾಡೆಮಿಯ ವಿದ್ಯಾರ್ಥಿಗಳು ಕೂಡಿ ಕಾನ್ಚೆರ್ಟೊ ಆರ್ಮೋನಿಕೊ ಎಂಬ ಬಳಗ ಕಟ್ಟಿದರು. ಪಿಟೀಲು ವಾದಕ ಪೇಟರ್ ಸೂಚ್ ಮತ್ತು ಶ್ಪಾನ್ಯಿ ಅದರ ಮುಂದಾಳುಗಳು. ಹಂಗೇರಿಯಲ್ಲಿ ಹಳೆಯ ವಾದ್ಯಗಳ ಚಳವಳಿ ಆಗಿನ್ನೂ ಎಳೆಯದು. ಸೊಂಬಾತ್‌ಹೇ ಪಟ್ಟಣದಲ್ಲಿ ಕಾಪೆಲ್ಲಾ ಸವಾರಿಯಾ ಹುಟ್ಟಿ ಎರಡೇ ವರ್ಷವಾಗಿತ್ತು. ಕಾನ್ಚೆರ್ಟೊ ಆರ್ಮೋನಿಕೊ ಮೊದಲಿಗೆ ಇಂದಿನ ವಾದ್ಯಗಳಲ್ಲೇ ನುಡಿಸಿ, ಆಮೇಲೆ 18ನೆಯ ಶತಮಾನದ ಮಾದರಿಗಳಿಗೆ ಬದಲಾಯಿಸಿತು: ಲೋಹದ ಬದಲು ಕರುಳಿನ ತಂತಿ, ಹಳೆಯ ಬಿಲ್ಲು, ತಗ್ಗಿದ ಶ್ರುತಿ.

ಸೋಲೊ ವಾದಕನೇ ಗುಂಪಿನ ಒಡನಾಡಿಯೂ ಆಗಿರುವ ಈ ವ್ಯವಸ್ಥೆ ಮುಂದಿನ ಕೆಲಸಕ್ಕೆ ತುಂಬ ನೆರವಾಯಿತು. ಹೆಸರಾಂತ ವಾದಕ ಬಂದು ಎರಡು ದಿನ ತಾಲೀಮು ಮಾಡಿ ಕಛೇರಿ ಮುಗಿಸಿ ಹೋಗುವ ಪದ್ಧತಿಯಲ್ಲಿ ಎಮಾನುಯೆಲ್ ಬಾಖ್‌ನಂಥವನ ಸಂಗೀತ ನಿಲ್ಲುವುದಿಲ್ಲ. ಸಾಲಿನ ನಡುವೆ ಏಕಾಏಕಿ ಮೌನ, ಮರುಕ್ಷಣವೇ ಬೇರೊಂದು ಶ್ರುತಿಯಲ್ಲಿ ಮುಂದುವರಿಕೆ, ಜೋರಿನ ಪಕ್ಕದಲ್ಲೇ ಪಿಸುಮಾತು. ಇಷ್ಟಕ್ಕೆಲ್ಲ ಒಟ್ಟಿಗೆ ಉಸಿರಾಡಿ ಅಭ್ಯಾಸವಿರುವ ಗುಂಪು ಬೇಕು.

ಎಮಾನುಯೆಲ್ ಬಾಖ್

ಶ್ಪಾನ್ಯಿ ಆಯ್ದುಕೊಂಡ ಸಂಯೋಜಕನ ಬಗ್ಗೆ ಕೊಂಚ ಹೇಳದೆ ಅವರ ಕೆಲಸ ಅರ್ಥವಾಗದು. ಕಾರ್ಲ್ ಫಿಲಿಪ್ ಎಮಾನುಯೆಲ್ ಬಾಖ್ (1714–1788) ಯೋಹಾನ್ ಸೆಬಾಸ್ಟಿಯನ್ ಬಾಖ್‌ನ ಮಗ, ವೈಮಾರ್‌ನಲ್ಲಿ ಹುಟ್ಟಿದವನು. ಕಾನೂನು ಓದಿದ. 1740ರಲ್ಲಿ ಪ್ರಷ್ಯದ ಪಟ್ಟಕ್ಕೇರಿದ ಫ್ರೆಡರಿಕ್ ದೊರೆಯ ಆಸ್ಥಾನದಲ್ಲಿ ಹಾರ್ಪ್ಸಿಕಾರ್ಡ್ ವಾದಕನಾದ. ದೊರೆ ಸ್ವತಃ ಕೊಳಲು ನುಡಿಸುವವನು. ಪಕ್ಕವಾದ್ಯ ನುಡಿಸುವುದು ಎಮಾನುಯೆಲ್‌ನ ಪಾಲಿನ ಕೆಲಸ. ಕೊಳಲು ಗುರು ಕ್ವಾಂಟ್ಸ್‌ಗೆ ವರ್ಷಕ್ಕೆ 2000 ಟಾಲರ್ ಸಂಬಳ, ಎಮಾನುಯೆಲ್‌ಗೆ ಮೊದಮೊದಲು 300. ದೊರೆಯ ಅಭಿರುಚಿ ಯಾವ ಕಡೆ ಒಲಿದಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಲೆಕ್ಕ ಬೇಕಿಲ್ಲ. 1768ರಲ್ಲಿ ಆತ ಬರ್ಲಿನ್ ಬಿಟ್ಟು, ತನ್ನ ಧರ್ಮಪಿತ (ಗಾಡ್‌ಫಾದರ್) ಟೆಲಿಮಾನ್ ತೀರಿಕೊಂಡು ತೆರವಾಗಿದ್ದ ಹ್ಯಾಂಬರ್ಗ್‌ನ ಸಂಗೀತ ನಿರ್ದೇಶಕ ಹುದ್ದೆಗೆ ಹೋದ. ಕೊನೆಯವರೆಗೂ ಅಲ್ಲೇ ಇದ್ದ.

ಆತ ಬರೆದದ್ದರಲ್ಲಿ ಸುಮಾರು 150 ಕೀಲಿಮಣೆ ಸೊನಾಟಾಗಳಿವೆ, ಐವತ್ತಕ್ಕೂ ಹೆಚ್ಚು ಕಾನ್ಚೆರ್ಟೊಗಳಿವೆ, ರೊಂಡೊ ಮತ್ತು ಫ್ಯಾಂಟಸಿಗಳಿವೆ. ಕೀಲಿಮಣೆ ವಾದನದ ಮೇಲೆ ಆತ ಬರೆದ ಪ್ರಬಂಧದ ಮೊದಲ ಭಾಗ 1753ರಲ್ಲಿ, ಎರಡನೆಯದು 1762ರಲ್ಲಿ ಬಂತು. ಹೈಡನ್ ಮತ್ತು ಬೀಥೊವನ್ ಇಬ್ಬರೂ ಅದನ್ನು ಗೌರವದಿಂದ ಕಂಡರು. ಇಷ್ಟಾಗಿಯೂ 19ನೆಯ ಶತಮಾನದಲ್ಲಿ ತಂದೆಯ ಕೀರ್ತಿ ಮತ್ತೆ ಎದ್ದಾಗ ಮಗ ಮರೆಗೆ ಸರಿದ. ಪಠ್ಯಪುಸ್ತಕಗಳು ಅವನನ್ನು ಬರೋಕ್ ಮತ್ತು ಕ್ಲಾಸಿಕಲ್ ಯುಗಗಳ ನಡುವಿನ ಸೇತುವೆ ಎಂದು ಕರೆದು ಮುಂದೆ ಹೋದವು. ಯಾರೂ ಸೇತುವೆಯ ಮೇಲೆ ನಿಲ್ಲುವುದಿಲ್ಲವಷ್ಟೆ.

ಆತನ ಕೃತಿಗಳನ್ನು ಇಂದಿಗೂ ಎರಡು ಪಟ್ಟಿಗಳ ಸಂಖ್ಯೆಯಿಂದ ಗುರುತಿಸುತ್ತಾರೆ. ಒಂದು, ಬ್ರಸೆಲ್ಸ್ ಕನ್ಸರ್ವೇಟರಿಯ ಗ್ರಂಥಪಾಲಕ ಆಲ್ಫ್ರೆಡ್ ವೊಟ್‌ಕೆನ್ 1905ರಲ್ಲಿ ಮಾಡಿದ್ದು. ಇನ್ನೊಂದು, ಯೂಜೀನ್ ಹೆಲ್ಮ್ 1989ರಲ್ಲಿ ಪ್ರಕಟಿಸಿದ್ದು. ಜರ್ಮನ್ ಸಂಯೋಜಕನ ಪಟ್ಟಿ ಬೆಲ್ಜಿಯಂನಲ್ಲಿ ತಯಾರಾದದ್ದಕ್ಕೆ ಕಾರಣವಿದೆ. ಶ್ವೆರಿನ್‌ನ ಆರ್ಗನ್ ವಾದಕ ವೆಸ್ಟ್‌ಫಾಲ್ ಎಂಬಾತ ಎಮಾನುಯೆಲ್‌ನ ಅಭಿಮಾನಿ. ಸಿಕ್ಕಿದ್ದನ್ನೆಲ್ಲ ಪ್ರತಿ ಮಾಡಿಸಿ ಕೂಡಿಟ್ಟಿದ್ದ. ಆ ಸಂಗ್ರಹ ಮುಂದೆ ಬ್ರಸೆಲ್ಸ್ ಸೇರಿತು. ಎಮಾನುಯೆಲ್‌ನ ಕೀಲಿಮಣೆ ಸಂಗೀತದ ಮೇಲೆ ಕೆಲಸ ಮಾಡುವವರಿಗೆ ಆ ಸಂಗ್ರಹವನ್ನು ಬಿಟ್ಟು ಗತಿಯಿಲ್ಲ.

ಬಿಸ್ ಮಾಲಿಕೆ

1990ರ ದಶಕದ ನಡುವಿನಲ್ಲಿ ಬಿಸ್ ಕಂಪನಿ ಎಮಾನುಯೆಲ್‌ನ ಕೀಲಿಮಣೆ ಕಾನ್ಚೆರ್ಟೊಗಳ ಮಾಲಿಕೆಯನ್ನು ಶ್ಪಾನ್ಯಿ ಮತ್ತು ಕಾನ್ಚೆರ್ಟೊ ಆರ್ಮೋನಿಕೊ ಜೊತೆ ಶುರು ಮಾಡಿತು. ಬಿಸ್ 1973ರಲ್ಲಿ ರೋಬರ್ಟ್ ಫೊನ್ ಬಾರ್ ಕಟ್ಟಿದ ಕಂಪನಿ. ಒಬ್ಬ ಸಂಯೋಜಕನ ಕೃತಿಗಳನ್ನು ಒಂದೂ ಬಿಡದೆ ಮುದ್ರಿಸುವ ಹುಚ್ಚು ಸಾಹಸಗಳಿಗೆ ಹೆಸರಾದದ್ದು. ಈ ಮಾಲಿಕೆ 20 ಸಂಪುಟಗಳಿಗೆ ಬೆಳೆದು, ಸಂಯೋಜಕ ಹುಟ್ಟಿ 300 ವರ್ಷ ತುಂಬಿದ 2014ರಲ್ಲಿ ಮುಗಿಯಿತು. ನಡುವಿನ ಕೆಲವು ಸಂಪುಟಗಳಲ್ಲಿ ಫಿನ್ಲೆಂಡಿನ ಓಪಸ್ ಎಕ್ಸ್ ಬಳಗ ಜೊತೆಗೂಡಿತು. ಹೊರನಾಡಿನ ಬದುಕು ವಾದ್ಯವೃಂದದ ಆಯ್ಕೆಯಲ್ಲೂ ಕಾಣಿಸಿಕೊಂಡಿತು.

ಸಂಪುಟಗಳು ಬಹುಮಟ್ಟಿಗೆ ಕೃತಿಗಳು ಹುಟ್ಟಿದ ಕ್ರಮದಲ್ಲೇ ಸಾಗುತ್ತವೆ. ಹಾಗಾಗಿ ಕೇಳುಗನಿಗೆ ಬರ್ಲಿನ್‌ನ ಯುವಕ ಹ್ಯಾಂಬರ್ಗ್‌ನ ಹಿರಿಯನಾಗುವ ತನಕದ ದಾರಿ ಕಿವಿಯಲ್ಲೇ ತೆರೆದುಕೊಳ್ಳುತ್ತದೆ. ಆರಂಭದ ಸಂಪುಟಗಳಲ್ಲಿ ಶ್ಪಾನ್ಯಿ ನುಡಿಸುವುದು ಹಾರ್ಪ್ಸಿಕಾರ್ಡ್. ಮುಂದೆ ಹೋದಂತೆ ಫೋರ್ಟೆಪಿಯಾನೊ (ತಂತಿಗೆ ಸುತ್ತಿಗೆ ಬಡಿಯುವ, ಪಿಯಾನೊದ ಹಳೆಯ ರೂಪ) ಮತ್ತು ಟ್ಯಾಂಜೆಂಟ್ ಪಿಯಾನೊ ಬರುತ್ತವೆ. ಏಕೆ ಎಂಬುದಕ್ಕೆ ವಾದ್ಯಗಳ ಒಳಗೇ ಇಣುಕಬೇಕು.

ಹಾರ್ಪ್ಸಿಕಾರ್ಡ್‌ನಲ್ಲಿ ಕೀಲಿ ಒತ್ತಿದರೆ ಅದರ ಇನ್ನೊಂದು ತುದಿಯಲ್ಲಿ ನಿಂತಿರುವ ತೆಳ್ಳನೆಯ ಮರದ ಕಡ್ಡಿ ಮೇಲೇಳುತ್ತದೆ. ಕಡ್ಡಿಯಿಂದ ಅಡ್ಡಕ್ಕೆ ಚಾಚಿದ ಸಣ್ಣ ಮೊನೆ ತಂತಿಯನ್ನು ಮೀಟಿ ದಾಟಿಹೋಗುತ್ತದೆ. ಹಿಂದೆ ಈ ಮೊನೆಯನ್ನು ಹಕ್ಕಿ ಗರಿಯ ದಂಟಿನಿಂದ ಮಾಡುತ್ತಿದ್ದರು, ಈಗ ಹೆಚ್ಚಾಗಿ ಪ್ಲಾಸ್ಟಿಕ್. ಕೀಲಿ ಬಿಟ್ಟಾಗ ಕಡ್ಡಿ ಕೆಳಗಿಳಿಯುತ್ತದೆ, ಮೊನೆ ಹಿಂದಕ್ಕೆ ಬಾಗಿ ತಂತಿಯನ್ನು ಮತ್ತೆ ಮೀಟದೆ ಜಾರುತ್ತದೆ, ಬಟ್ಟೆಯ ತುಣುಕು ತಂತಿಗೆ ತಗುಲಿ ಸದ್ದು ನಿಲ್ಲುತ್ತದೆ. ಬೆರಳು ಎಷ್ಟು ಜೋರಾಗಿ ಬಿದ್ದರೂ ಮೀಟು ಹೆಚ್ಚು ಕಡಿಮೆ ಒಂದೇ ಬಲದ್ದು. ಒಂದು ಸ್ವರ ಮುಖ್ಯವೆಂದು ತೋರಿಸಬೇಕಾದರೆ ವಾದಕ ಅದರ ಮುಂಚೆ ಕೂದಲೆಳೆಯಷ್ಟು ತಡೆಯುತ್ತಾನೆ, ಹಿಂದಿನ ಸ್ವರವನ್ನು ಮೊಟಕು ಮಾಡುತ್ತಾನೆ, ಇಲ್ಲವೇ ಅಲಂಕಾರ ಸೇರಿಸುತ್ತಾನೆ. ಹಾರ್ಪ್ಸಿಕಾರ್ಡ್ ವಾದನವೆಂದರೆ ಬಹುಪಾಲು ಕಾಲವನ್ನು ಹಿಗ್ಗಿಸಿ ಕುಗ್ಗಿಸುವ ವಿದ್ಯೆ.

ಎಮಾನುಯೆಲ್‌ನ ಸಂಗೀತಕ್ಕೆ ಇದು ಸಾಕಾಗುವುದಿಲ್ಲ. ಒಂದೇ ಸಾಲಿನಲ್ಲಿ ಜೋರು, ಮೆಲು, ಮತ್ತೆ ಜೋರು ಎಂದು ಆತ ಬರೆದುಬಿಡುತ್ತಾನೆ. ಅವನ ಕಾಲದಲ್ಲೇ ಹೊಸ ವಾದ್ಯಗಳು ಬರುತ್ತಿದ್ದವು. ಫ್ರೈಬರ್ಗ್‌ನ ಗಾಟ್‌ಫ್ರೀಡ್ ಸಿಲ್ಬರ್ಮಾನ್ ಮಾಡಿದ ಫೋರ್ಟೆಪಿಯಾನೊಗಳು ಫ್ರೆಡರಿಕ್ ದೊರೆಯ ಅರಮನೆಯಲ್ಲಿದ್ದವು. 1747ರಲ್ಲಿ ತಂದೆ ಬಾಖ್ ಪಾಟ್ಸ್‌ಡ್ಯಾಮ್‌ಗೆ ಬಂದಾಗ ದೊರೆ ಕೊಟ್ಟ ಸ್ವರಮಾಲೆಯ ಮೇಲೆ ಸ್ಥಳದಲ್ಲೇ ಫ್ಯೂಗ್ ನುಡಿಸಿದ್ದು ಅವುಗಳ ಮೇಲೆಯೇ. ಟ್ಯಾಂಜೆಂಟ್ ಪಿಯಾನೊ ಇನ್ನೊಂದು ಬಗೆ. ಇದರಲ್ಲಿ ಹಿಡಿಕೆಗೆ ಸಿಕ್ಕಿಸಿದ ಸುತ್ತಿಗೆ ಇಲ್ಲ. ಕೀಲಿ ಒತ್ತಿದಾಗ ಸಣ್ಣ ಮರದ ಪಟ್ಟಿಯೊಂದು ಮೇಲಕ್ಕೆ ಚಿಮ್ಮಿ ತಂತಿಗೆ ಬಡಿದು ಬೀಳುತ್ತದೆ. ಸದ್ದು ಹಾರ್ಪ್ಸಿಕಾರ್ಡ್‌ನ ಮಿಂಚು ಮತ್ತು ಪಿಯಾನೊದ ಏರಿಳಿತ ಎರಡನ್ನೂ ಹೊತ್ತಿರುತ್ತದೆ. ತಂತಿಗೂ ಪಟ್ಟಿಗೂ ನಡುವೆ ಬಟ್ಟೆ ಇಳಿಸಿದರೆ ಮಂದವಾಗುತ್ತದೆ. ರೇಗೆನ್ಸ್‌ಬರ್ಗ್‌ನ ಶ್ಪೇಟ್ ಮತ್ತು ಶ್ಮಾಲ್ ಈ ವಾದ್ಯಕ್ಕೆ ಹೆಸರಾದವರು. 18ನೆಯ ಶತಮಾನ ಮುಗಿಯುವ ಹೊತ್ತಿಗೆ ಪಿಯಾನೊ ಗೆದ್ದಿತು, ಟ್ಯಾಂಜೆಂಟ್ ಪಿಯಾನೊ ವಸ್ತುಸಂಗ್ರಹಾಲಯ ಸೇರಿತು. ಅದನ್ನು ಅಲ್ಲಿಂದ ಹೊರತಂದು ಕಛೇರಿಯ ವೇದಿಕೆಗೆ ಮತ್ತೆ ಪರಿಚಯಿಸಿದ ಕೆಲವೇ ವಾದಕರಲ್ಲಿ ಶ್ಪಾನ್ಯಿ ಮುಖ್ಯರು. ಇವರು ನುಡಿಸಿದ ಪ್ರತಿಕೃತಿ ಬೆಲ್ಜಿಯಂನ ಗಿಸ್ಲೆನ್ ಪೊಟ್ವ್ಲೀಖ ಮಾಡಿದ್ದು.

ಮಾಲಿಕೆಯ ಕೊನೆಯ ಹಂತಕ್ಕೆ ಸೇರಿದ ಒಂದು ಕೃತಿ ಈ ಇಡೀ ವಾದ್ಯಕಥೆಯನ್ನು ಒಂದೇ ಕಡೆ ತಂದು ನಿಲ್ಲಿಸುತ್ತದೆ. 1788ರಲ್ಲಿ, ತೀರಿಕೊಂಡ ವರ್ಷದಲ್ಲೇ, ಎಮಾನುಯೆಲ್ ಹಾರ್ಪ್ಸಿಕಾರ್ಡ್ ಮತ್ತು ಫೋರ್ಟೆಪಿಯಾನೊ ಎರಡಕ್ಕೂ ಸೇರಿಸಿ ಒಂದು ಕಾನ್ಚೆರ್ಟೊ ಬರೆದ. ಹಳೆಯದು ಒಂದು ಮಾತು ಹೇಳಿದರೆ ಹೊಸದು ಅದನ್ನೇ ಬೇರೆ ಬಣ್ಣದಲ್ಲಿ ತಿರುಗಿ ಹೇಳುತ್ತದೆ. ಜಗಳವಿಲ್ಲ, ಸ್ಪರ್ಧೆಯೂ ಇಲ್ಲ. ಎರಡೂ ಭಾಗಗಳನ್ನು ಇಂದಿನ ಪಿಯಾನೊದಲ್ಲಿ ನುಡಿಸಿದರೆ ಈ ಸಂವಾದ ಒಬ್ಬನೇ ಮಾತನಾಡಿಕೊಂಡಂತಾಗುತ್ತದೆ.

ಕಾನ್ಚೆರ್ಟೊಗಳಲ್ಲಿ ವಾದ್ಯವೃಂದ ನಿಂತು ಸೋಲೊ ವಾದಕನೊಬ್ಬನೇ ಸ್ವತಂತ್ರವಾಗಿ ನುಡಿಸುವ ಘಟ್ಟಕ್ಕೆ ಕಡೆಂಜಾ ಎಂದು ಹೆಸರು. ಅನೇಕ ವಾದಕರು ಇಲ್ಲಿ ತಮ್ಮ ಕೈಚಳಕ ಮೆರೆಸುತ್ತಾರೆ. ಎಮಾನುಯೆಲ್ ಬಿಟ್ಟುಹೋದ 75 ಕಡೆಂಜಾಗಳ ಸಂಗ್ರಹವಿದೆ. ಹೆಚ್ಚಿನವು ಚಿಕ್ಕವು, ಸಂಯಮದವು. 1760ರಲ್ಲಿ ಆತ ಪ್ರಕಟಿಸಿದ ಸೊನಾಟಾಗಳಲ್ಲಿ ಪುನರಾವರ್ತನೆ ಬಂದಾಗ ಹೇಗೆ ಬದಲಾಯಿಸಿ ನುಡಿಸಬೇಕೆಂಬುದನ್ನೂ ಬರೆದೇ ಕೊಟ್ಟಿದ್ದಾನೆ. ಬರೆದದ್ದನ್ನು ಬರೆದ ಹಾಗೆ ಎರಡು ಸಲ ನುಡಿಸುವುದು ಆ ಕಾಲಕ್ಕೆ ಒಪ್ಪುವ ಸಂಗತಿಯಲ್ಲ. ಶ್ಪಾನ್ಯಿಯವರ ವಾದನದಲ್ಲಿ ಮರುಕಳಿಸುವ ಸಾಲುಗಳು ಹೊಸ ತಿರುವು ಪಡೆಯುವುದು ಈ ಪಾಠದಿಂದ.

ಕ್ಲಾವಿಕಾರ್ಡ್

ಕಾನ್ಚೆರ್ಟೊಗಳ ಬೆನ್ನಿಗೇ ಬಿಸ್‌ನಿಂದ ಎಮಾನುಯೆಲ್‌ನ ಸೋಲೊ ಕೃತಿಗಳ ಎರಡನೆಯ ಮಾಲಿಕೆ ಶುರುವಾಗಿ ಮೂವತ್ತಕ್ಕೂ ಹೆಚ್ಚು ಸಂಪುಟಗಳಿಗೆ ಬೆಳೆಯಿತು. ಇಲ್ಲಿ ಶ್ಪಾನ್ಯಿಯವರ ಮುಖ್ಯ ವಾದ್ಯ ಕ್ಲಾವಿಕಾರ್ಡ್. ನನ್ನ ಮಟ್ಟಿಗೆ ಇವರ ಹೆಚ್ಚು ಬೆಲೆಯುಳ್ಳ ಕೆಲಸ ಇದೇ.

ಕ್ಲಾವಿಕಾರ್ಡ್ ಮೇಜಿನ ಮೇಲೆ ಇಡಬಹುದಾದ ಉದ್ದನೆಯ ಪೆಟ್ಟಿಗೆ. ಪ್ರತಿ ಕೀಲಿಯ ಹಿಂದೆ ನೇರವಾಗಿ ನೆಟ್ಟ ಹಿತ್ತಾಳೆಯ ಚಪ್ಪಟೆ ತುಣುಕಿದೆ. ಕೀಲಿ ಒತ್ತಿದರೆ ಅದು ತಂತಿಯನ್ನು ಮುಟ್ಟಿ ಅಲ್ಲೇ ನಿಲ್ಲುತ್ತದೆ. ಸ್ವರ ಹುಟ್ಟುವುದೂ ತಂತಿಯ ಅಳತೆ ನಿರ್ಧಾರವಾಗುವುದೂ ಆ ಸ್ಪರ್ಶದಿಂದಲೇ. ತಂತಿಯ ಎಡಭಾಗಕ್ಕೆ ಬಟ್ಟೆ ಹೆಣೆದಿರುವುದರಿಂದ ಆ ಕಡೆ ಸದ್ದಿಲ್ಲ. ಬೆರಳು ಎತ್ತಿದೊಡನೆ ಇಡೀ ತಂತಿ ಮೌನ. ಬೆರಳು ಕೀಲಿಯ ಮೇಲಿರುವಷ್ಟು ಹೊತ್ತೂ ವಾದಕ ತಂತಿಯನ್ನೇ ಮುಟ್ಟಿಕೊಂಡಿರುತ್ತಾನೆ ಎಂಬುದು ಈ ವಾದ್ಯದ ಗುಟ್ಟು. ಒತ್ತಡ ಹೆಚ್ಚಿಸಿದರೆ ಸ್ವರ ಕೊಂಚ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಬೆರಳನ್ನು ಹಗುರವಾಗಿ ಅಲುಗಿಸಿದರೆ ಸ್ವರ ನಡುಗುತ್ತದೆ. ವೀಣೆಯ ಕಂಪಿತ ಗಮಕ ಕೇಳಿದ ಕಿವಿಗೆ ಇದು ತೀರ ಹೊಸದೆನಿಸುವುದಿಲ್ಲ, ಪ್ರಮಾಣ ಮಾತ್ರ ಬಹಳ ಕಿರಿದು. ಜರ್ಮನ್‌ನಲ್ಲಿ ಇದಕ್ಕೆ ಬೇಬುಂಗ್ ಎನ್ನುತ್ತಾರೆ. ಎಮಾನುಯೆಲ್ ಇದನ್ನು ಸ್ವರದ ಮೇಲೆ ಕಮಾನು ಮತ್ತು ಚುಕ್ಕೆಗಳಿಟ್ಟು ಬರೆಯುತ್ತಿದ್ದ. ಹಾರ್ಪ್ಸಿಕಾರ್ಡ್‌ನಲ್ಲಾಗಲಿ ಪಿಯಾನೊದಲ್ಲಾಗಲಿ ಇದು ಸಾಧ್ಯವೇ ಇಲ್ಲ.

ದೋಷ ಒಂದೇ: ಸದ್ದು ಬಹಳ ಸಣ್ಣದು. ಪಕ್ಕದ ಕೋಣೆಯಲ್ಲಿ ಇಬ್ಬರು ಮಾತನಾಡುತ್ತಿದ್ದರೆ ಮುಗಿಯಿತು. ಆದ್ದರಿಂದಲೇ ಕಛೇರಿ ಜೀವನ ಇದನ್ನು ಕೈಬಿಟ್ಟಿತು. ಎಮಾನುಯೆಲ್ ತನ್ನ ಪ್ರಬಂಧದಲ್ಲಿ ಹೇಳುವ ಮಾತಿನ ಸಾರ ಇದು: ದೊಡ್ಡ ಮೇಳಕ್ಕೆ ಹಾರ್ಪ್ಸಿಕಾರ್ಡ್ ಸರಿ, ಒಬ್ಬನೇ ನುಡಿಸುವಾಗ ಕ್ಲಾವಿಕಾರ್ಡ್. ಒಳ್ಳೆಯ ಕ್ಲಾವಿಕಾರ್ಡ್ ವಾದಕ ಹಾರ್ಪ್ಸಿಕಾರ್ಡ್‌ನ್ನೂ ನಿಭಾಯಿಸಬಲ್ಲ, ಆದರೆ ಬರೀ ಹಾರ್ಪ್ಸಿಕಾರ್ಡ್ ನುಡಿಸಿದವನಿಗೆ ಕ್ಲಾವಿಕಾರ್ಡ್ ಒಲಿಯದು. ಸ್ಪರ್ಧೆ ಗೆದ್ದ ಹಾರ್ಪ್ಸಿಕಾರ್ಡ್ ವಾದಕನೊಬ್ಬ ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡು, ತನ್ನ ಹೆಸರು ತಂದ ವಾದ್ಯವನ್ನು ಬದಿಗಿಟ್ಟು, ಯಾರೂ ಟಿಕೆಟ್ ಕೊಂಡು ಕೇಳಲಾರದಂಥ ವಾದ್ಯಕ್ಕೆ ವರ್ಷಗಟ್ಟಲೆ ಕುಳಿತದ್ದು ಸಣ್ಣ ಸಂಗತಿಯಲ್ಲ. ಇಲ್ಲಿ ಧ್ವನಿಮುದ್ರಣ ತಂತ್ರವೂ ಕೈಹಿಡಿಯಿತು. ಸಾವಿರ ಜನರ ಸಭಾಂಗಣದಲ್ಲಿ ಕೇಳದ ವಾದ್ಯವನ್ನು ಮೈಕ್ ಹತ್ತಿರದಿಂದ ಹಿಡಿಯುತ್ತದೆ. ಕೇಳುವವರು ಮನೆಯಲ್ಲಿ ವಾಲ್ಯೂಮ್ ತಗ್ಗಿಸಿಟ್ಟುಕೊಳ್ಳಬೇಕು. ಜೋರು ಮಾಡಿದರೆ ಕೀಲಿಯ ಮರದ ಸದ್ದು ಮುಂದಕ್ಕೆ ಬಂದು ವಾದ್ಯ ತನ್ನ ಗುಣವನ್ನೇ ಕಳೆದುಕೊಳ್ಳುತ್ತದೆ.

ಎಮಾನುಯೆಲ್ ಸ್ವತಃ ನುಡಿಸುವುದನ್ನು ಕಣ್ಣಾರೆ ಕಂಡವನು ಇಂಗ್ಲೆಂಡಿನ ಚಾರ್ಲ್ಸ್ ಬರ್ನಿ. 1772ರಲ್ಲಿ ಹ್ಯಾಂಬರ್ಗ್‌ಗೆ ಹೋಗಿದ್ದ ಆತ, ಊಟದ ನಂತರ ಎಮಾನುಯೆಲ್ ತನ್ನ ಸಿಲ್ಬರ್ಮಾನ್ ಕ್ಲಾವಿಕಾರ್ಡ್‌ನ ಮುಂದೆ ಕುಳಿತು ರಾತ್ರಿ ಹನ್ನೊಂದರ ಹತ್ತಿರದವರೆಗೂ ನುಡಿಸಿದ್ದನ್ನು ಬರೆದಿದ್ದಾನೆ. ನೆಟ್ಟ ನೋಟ, ಜೋತುಬಿದ್ದ ಕೆಳದುಟಿ, ಮುಖದ ಮೇಲೆ ಬೆವರ ಹನಿ. ಆ ವಾದ್ಯವನ್ನು 1781ರಲ್ಲಿ ಎಮಾನುಯೆಲ್ ಶಿಷ್ಯನೊಬ್ಬನಿಗೆ ಒಪ್ಪಿಸುವಾಗ ಅದಕ್ಕೆ ವಿದಾಯ ಹೇಳುವ ರೊಂಡೊ ಬರೆದ. ರೊಂಡೊ ಎಂದರೆ ಸಾಮಾನ್ಯವಾಗಿ ಹಗುರ ಮನಸ್ಸಿನ ಪ್ರಕಾರ. ಅದರಲ್ಲೂ ಅಳಲು ಸಾಧ್ಯವೆಂದು ತೋರಿಸುವುದು ಆತನ ಉದ್ದೇಶವಾಗಿತ್ತು. ನಡುಗುವ ಸ್ವರದ ಚಿಹ್ನೆಗಳು ತುಂಬಿರುವ ಈ ಕೃತಿಯನ್ನು ಬೇರೆ ವಾದ್ಯದಲ್ಲಿ ನುಡಿಸಿದರೆ ಅರ್ಧ ಮಾತು ಉಳಿದುಹೋಗುತ್ತದೆ.

ಶ್ಪಾನ್ಯಿ ಬಳಸಿದ ಕ್ಲಾವಿಕಾರ್ಡ್‌ಗಳಲ್ಲಿ ಮುಖ್ಯವಾದದ್ದು ಬೆಲ್ಜಿಯಂನ ಯೋರಿಸ್ ಪೊಟ್ವ್ಲೀಖ ಕಟ್ಟಿದ್ದು, 18ನೆಯ ಶತಮಾನದ ಕೊನೆಯ ಸ್ಯಾಕ್ಸನಿ ಮಾದರಿಯದ್ದು. ಆ ಮಾದರಿಗೆ ಕೆಳಸ್ಥಾಯಿಯ ತುಂಬುದನಿಯಿದೆ, ಎಮಾನುಯೆಲ್‌ನ ಹ್ಯಾಂಬರ್ಗ್ ಫ್ಯಾಂಟಸಿಗಳಿಗೆ ಅದು ಬೇಕು. ಶ್ರುತಿಯ ವಿಷಯದಲ್ಲೂ ಎಮಾನುಯೆಲ್‌ನ ಸೂಚನೆಯಿದೆ: ಹೆಚ್ಚಿನ ಪಂಚಮಗಳನ್ನು ಗೊತ್ತೇ ಆಗದಷ್ಟು ತಗ್ಗಿಸಿದರೆ ಎಲ್ಲ ಇಪ್ಪತ್ತನಾಲ್ಕು ಶ್ರುತಿಗಳಲ್ಲೂ ನುಡಿಸಬಹುದು. ಕೇಳಲು ಸುಲಭ. ಕೂತು ಮಾಡುವಾಗ ಯಾವ ಪಂಚಮ ಎಷ್ಟು ಎಂಬ ತೀರ್ಮಾನ ವಾದಕನ ಕಿವಿಗೇ ಬಿಟ್ಟದ್ದು.

ಸಂಪಾದನೆ, ಅಧ್ಯಾಪನ

ನುಡಿಸುವುದರ ಜೊತೆಗೆ ಶ್ಪಾನ್ಯಿ ಎಮಾನುಯೆಲ್‌ನ ಸೋಲೊ ಕೃತಿಗಳನ್ನು ಬುಡಾಪೆಸ್ಟ್‌ನ ಕೋನೆಮಾನ್ ಪ್ರಕಾಶನಕ್ಕಾಗಿ ಸಂಪಾದಿಸಿದರು. ಆಗ ವಿದ್ಯಾರ್ಥಿಗಳ ಕೈಗೆಟುಕುವ ಬೆಲೆಯ ಒಳ್ಳೆಯ ಪಠ್ಯಗಳು ಕಡಿಮೆ. ಮುಂದೆ ಪರಿಸ್ಥಿತಿ ಬದಲಾಯಿತು. ಎರಡನೆಯ ಮಹಾಯುದ್ಧದಲ್ಲಿ ಬರ್ಲಿನ್‌ನ ಜಿಂಗ್‌ಅಕಾಡೆಮಿ ಎಂಬ ಗಾಯನ ಸಂಘದಿಂದ ಸಾಗಿಸಲ್ಪಟ್ಟು ಕಾಣೆಯಾಗಿದ್ದ ಹಸ್ತಪ್ರತಿಗಳು 1999ರಲ್ಲಿ ಉಕ್ರೇನಿನ ಕೀವ್‌ನಲ್ಲಿ ಪತ್ತೆಯಾದವು, 2001ರಲ್ಲಿ ಬರ್ಲಿನ್‌ಗೆ ಮರಳಿದವು. ಅವುಗಳಲ್ಲಿ ಎಮಾನುಯೆಲ್‌ನ ಮನೆಯಲ್ಲಿದ್ದ ಸಂಗೀತದ ದೊಡ್ಡ ಪಾಲಿತ್ತು. ಅಮೆರಿಕದ ಪ್ಯಾಕರ್ಡ್ ಸಂಸ್ಥೆ ಆತನ ಸಮಗ್ರ ಕೃತಿಗಳ ಪ್ರಕಟಣೆ ಕೈಗೆತ್ತಿಕೊಂಡಿತು. ಶ್ಪಾನ್ಯಿಯವರ ಎರಡು ಮಾಲಿಕೆಗಳೂ ಈ ಹುಡುಕಾಟದ ಕಾಲದ ಉದ್ದಕ್ಕೂ ನಡೆದವು. ಸಂಗೀತಶಾಸ್ತ್ರದ ತೀರ್ಮಾನಗಳೆಲ್ಲ ಮುಗಿಯಲಿ ಎಂದು ಕಾದು ಕುಳಿತಿದ್ದರೆ ಮೊದಲ ಸಂಪುಟವೂ ಬರುತ್ತಿರಲಿಲ್ಲ.

ಅಧ್ಯಾಪಕರಾಗಿ ಇವರು ಫಿನ್ಲೆಂಡಿನ ಔಲು ನಗರದ ಕನ್ಸರ್ವೇಟರಿಯಲ್ಲೂ ಹೆಲ್ಸಿಂಕಿಯ ಸಿಬೆಲಿಯಸ್ ಅಕಾಡೆಮಿಯಲ್ಲೂ ಪಾಠ ಹೇಳಿದರು. ಔಲು ಹೆಲ್ಸಿಂಕಿಯಿಂದ ಸುಮಾರು 600 ಕಿಲೋಮೀಟರ್ ಉತ್ತರಕ್ಕೆ, ಬೋತ್ನಿಯಾ ಕೊಲ್ಲಿಯ ದಡದಲ್ಲಿದೆ; ಆರ್ಕ್ಟಿಕ್ ವೃತ್ತ ಅಲ್ಲಿಂದ ದೂರವಿಲ್ಲ. ಅಲ್ಲಿನ ಚಳಿಗಾಲದಲ್ಲಿ ಮನೆಯೊಳಗೆ ಹಗಲಿರುಳೂ ಬಿಸಿ ಒಣಗಾಳಿ. ತೆಳ್ಳನೆಯ ಮರದ ಹಲಗೆ ಕುಗ್ಗುತ್ತದೆ, ಶ್ರುತಿ ಜಾರುತ್ತದೆ, ಹಾರ್ಪ್ಸಿಕಾರ್ಡ್‌ನ ಕಡ್ಡಿಗಳು ಸಡಿಲವಾಗುತ್ತವೆ. ಹಳೆಯ ಮಾದರಿಯ ವಾದ್ಯಗಳನ್ನು ಇಂಥ ಊರಲ್ಲಿ ಸಾಕುವವನು ಅರ್ಧ ಬಡಗಿಯೂ ಆಗಿರಬೇಕಾಗುತ್ತದೆ.

ಆಮೇಲೆ ಇವರು ಜರ್ಮನಿಯ ಮಾನ್‌ಹೈಮ್ ಸಂಗೀತ ವಿದ್ಯಾಲಯದಲ್ಲಿ ಬೋಧಿಸಿದರು. ಹಲವು ದೇಶಗಳಲ್ಲಿ ಕಮ್ಮಟಗಳನ್ನು ನಡೆಸಿದ್ದಾರೆ.

ಸ್ಥಾನ

ಎಮಾನುಯೆಲ್‌ನ ಸೋಲೊ ಕೃತಿಗಳನ್ನು ಪೂರ್ತಿಯಾಗಿ ಮುದ್ರಿಸಲು ಹೊರಟವರು ಶ್ಪಾನ್ಯಿ ಒಬ್ಬರೇ ಅಲ್ಲ. ಅನಾ ಮರಿಯಾ ಮಾರ್ಕೋವಿನಾ 2014ರಲ್ಲಿ ಇಂದಿನ ಪಿಯಾನೊದ ಮೇಲೆ 26 ತಟ್ಟೆಗಳಲ್ಲಿ ಹೊರತಂದರು. ಮಿಖಾಯಿಲ್ ಪ್ಲೆತ್ನ್ಯೋವ್, ಡ್ಯಾನಿ ಡ್ರೈವರ್, ಮಾರ್ಕ್-ಆಂಡ್ರೆ ಹಾಮ್ಲಾಂ ಆಯ್ದ ಕೃತಿಗಳನ್ನು ಪಿಯಾನೊದಲ್ಲಿ ಮಿಂಚಿಸಿದ್ದಾರೆ. ಎಮಾನುಯೆಲ್‌ನನ್ನು ದೊಡ್ಡ ಕೇಳುಗ ವರ್ಗಕ್ಕೆ ತಲುಪಿಸಿದ್ದು ಇವರೇ ಎನ್ನಬೇಕು. ಪಿಯಾನೊದಲ್ಲಿ ಹಾಸ್ಯ ಮತ್ತು ವೇಗ ಚೆನ್ನಾಗಿ ಮೂಡುತ್ತವೆ. ಕ್ಲಾವಿಕಾರ್ಡ್‌ನಲ್ಲಿ ಮೂಡುವುದು ತಡವರಿಕೆ, ಆಲೋಚನೆ, ನಡುವೆ ನಿಂತುಹೋದ ಮಾತು. ಶ್ಪಾನ್ಯಿ ಹೆಚ್ಚಾಗಿ ಅವಸರವಿಲ್ಲದೆ ನುಡಿಸುವವರು. ಬೆರಗು ಹುಟ್ಟಿಸುವ ಕೈವೇಗ ಬಯಸಿ ಬಂದವರಿಗೆ ಇವರ ಕೆಲವು ನಿಧಾನ ಚಲನೆಗಳು ಎಳೆದಂತೆ ಕಾಣಬಹುದು.

ಸಮಗ್ರ ಮಾಲಿಕೆ ಎಂಬ ಸ್ವರೂಪಕ್ಕೇ ಒಂದು ಕಷ್ಟವಿದೆ. ಎಮಾನುಯೆಲ್ ಮಾರಾಟಕ್ಕಾಗಿ, ಕಲಿಯುವವರಿಗಾಗಿ ಬರೆದ ಸೊನಾಟಾಗಳಲ್ಲಿ ಸಾಧಾರಣವಾದವು ಬೇಕಾದಷ್ಟಿವೆ. ಐದಾರು ಸಂಪುಟಗಳನ್ನು ಒಟ್ಟಿಗೆ ಕೇಳಿದರೆ ದಣಿವಾಗುವುದು ಸಹಜ. ಆದರೆ ಒಳ್ಳೆಯದನ್ನು ಮಾತ್ರ ಆರಿಸಿ ನುಡಿಸುವವನಿಗೆ ಆರಿಸಿಕೊಳ್ಳಲು ಎದುರಿಗೆ ಎಲ್ಲವೂ ಇರಬೇಕಲ್ಲ. ಶ್ಪಾನ್ಯಿ ಮಾಡಿಟ್ಟದ್ದು ಆ ಕೆಲಸ.

ಮೊದಲ ಬಾರಿ ಕೇಳುವವರು ಮೂರು ಕೃತಿಗಳಿಂದ ಶುರು ಮಾಡಬಹುದು. 1748ರ ಡಿ ಮೈನರ್ ಕಾನ್ಚೆರ್ಟೊ, ವೊಟ್‌ಕೆನ್ ಪಟ್ಟಿಯಲ್ಲಿ 23ನೆಯದು: ಮೊದಲ ಸಾಲಿನಲ್ಲೇ ತಂತಿವಾದ್ಯಗಳು ಮೇಲೆ ಕೆಳಗೆ ಹಾರುತ್ತ ಸಿಟ್ಟಿನಿಂದ ನುಗ್ಗುತ್ತವೆ, ಅಷ್ಟರಲ್ಲಿ ಕೀಲಿಮಣೆ ಬಂದು ಬೇರೆಯದೇ ಧಾಟಿಯಲ್ಲಿ ಮಾತು ತೆಗೆಯುತ್ತದೆ. 1788ರ ಜೋಡಿ ಕಾನ್ಚೆರ್ಟೊ, 47ನೆಯದು. ಸಿಲ್ಬರ್ಮಾನ್ ಕ್ಲಾವಿಕಾರ್ಡ್‌ಗೆ ಬರೆದ ವಿದಾಯದ ರೊಂಡೊ, 66ನೆಯದು. ಇದನ್ನು ರಾತ್ರಿ ಹೊತ್ತು, ಫ್ಯಾನ್ ಆರಿಸಿ ಕೇಳುವುದು ಒಳ್ಳೆಯದು.